ಆಟದ ಮೇಲಿನ 18ರ ಗುರುತು: ಕಾನೂನು ಎಲ್ಲಿಯವರೆಗೆ ಕಾಯುತ್ತದೆ?

ಮೊಬೈಲಿಗೆ ಒಂದು ಆಟವನ್ನು ಇಳಿಸಿಕೊಳ್ಳುವ ಮುನ್ನ ಪ್ಲೇ ಸ್ಟೋರಿನ ಪುಟದಲ್ಲಿ ಅದರ ಹೆಸರಿನ ಕೆಳಗೆ 3+, 7+, 12+, 16+ ಅಥವಾ 18+ ಎಂಬ ಸಣ್ಣ ಗುರುತು ಇರುತ್ತದೆ. ಹೆಚ್ಚಿನ ತಂದೆತಾಯಂದಿರು ಅದನ್ನು ಗಮನಿಸಿರುವುದಿಲ್ಲ. ಗಮನಿಸಿದವರಲ್ಲೂ ಹಲವರು ಅದನ್ನು ಸಿನಿಮಾದ 'ಎ' ಸರ್ಟಿಫಿಕೇಟಿನ ಹಾಗೆ ಸರಕಾರ ಕೊಟ್ಟ ಗುರುತೆಂದು, ಅಂಥ ಆಟ ಚಿಕ್ಕವರ ಕೈಗೆ ಸಿಗದಂತೆ ಯಾರೋ ನೋಡಿಕೊಳ್ಳುತ್ತಾರೆಂದು ತಿಳಿದಿರುತ್ತಾರೆ. ಆದರೆ ಆಟದ ಕಂಪೆನಿ ತುಂಬಿಕೊಟ್ಟ ಪ್ರಶ್ನಾವಳಿಯನ್ನು ಆಧರಿಸಿ ಐಎಆರ್‌ಸಿ ಎಂಬ ಅಂತಾರಾಷ್ಟ್ರೀಯ ವ್ಯವಸ್ಥೆ ಕೊಡುವ ಗುರುತು ಅದು. ನಮ್ಮ ಸರಕಾರಕ್ಕೆ ಅದರಲ್ಲಿ ಪಾತ್ರವಿಲ್ಲ.

ಹಾಗಾದರೆ ಸರಕಾರವೇ ಕಾನೂನು ಮಾಡಿ, ರಕ್ತಪಾತದ ಆಟಗಳನ್ನು ಮಕ್ಕಳಿಗೆ ಮಾರದಂತೆ ತಡೆಯಬಾರದೇ? ಅಮೆರಿಕದಲ್ಲಿ ಈ ಪ್ರಯತ್ನ ನಡೆದು ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಅದು ಸೋತ ಬಗೆಯನ್ನು ತಿಳಿದರೆ ನಮ್ಮ ಮನೆಯ ಪ್ರಶ್ನೆಯೂ ಸ್ವಲ್ಪ ಸ್ಪಷ್ಟವಾಗುತ್ತದೆ.

ಅಲ್ಲಿ ಗಲಾಟೆ ಶುರುವಾದದ್ದು 1993ರಲ್ಲಿ. 'ಮಾರ್ಟಲ್ ಕಾಂಬ್ಯಾಟ್' ಎಂಬ ಹೊಡೆದಾಟದ ಆಟದಲ್ಲಿ ಗೆದ್ದವನು ಸೋತವನ ಎದೆಯಿಂದ ಹೃದಯವನ್ನು ಕಿತ್ತು ತೆಗೆಯಬಹುದಿತ್ತು. ಅದು ಮನೆಯ ಟಿವಿಯಲ್ಲಿ ಆಡುವ ಆಟವಾಗಿ ಬಂದಾಗ ಸೆನೆಟರ್ ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಸಂಸತ್ತಿನಲ್ಲಿ ವಿಚಾರಣೆ ನಡೆಸಿದರು. ನೀವಾಗಿಯೇ ಸರಿಮಾಡಿಕೊಳ್ಳಿ, ಇಲ್ಲವಾದರೆ ನಾವು ಕಾನೂನು ತರುತ್ತೇವೆ ಎಂಬ ಎಚ್ಚರಿಕೆ ಉದ್ಯಮಕ್ಕೆ ಹೋಯಿತು. ಮರುವರ್ಷವೇ ಕಂಪೆನಿಗಳು ಸೇರಿ ಇಎಸ್‌ಆರ್‌ಬಿ ಎಂಬ ಮಂಡಳಿಯನ್ನು ಕಟ್ಟಿಕೊಂಡು ಪೆಟ್ಟಿಗೆಯ ಮೇಲೆ ವಯಸ್ಸಿನ ಗುರುತು ಹಾಕತೊಡಗಿದವು. 'ಎಂ' ಎಂದರೆ 17 ತುಂಬಿದವರಿಗೆ. ಆದರೆ ಈ ಗುರುತಿಗೆ ಕಾನೂನಿನ ಬಲವಿರಲಿಲ್ಲ. ಅಂಗಡಿಯವನು ಹುಡುಗನಿಗೆ ಮಾರಿದರೂ ಶಿಕ್ಷೆಯಿರಲಿಲ್ಲ.

ಆ ಬಲ ಕೊಡಲು ಹೊರಟದ್ದು ಕ್ಯಾಲಿಫೋರ್ನಿಯಾ ರಾಜ್ಯ. 2005ರ ಅದರ ಕಾನೂನು, ಮನುಷ್ಯರೂಪವನ್ನು ಕೊಲ್ಲುವ, ಅಂಗಾಂಗ ಕತ್ತರಿಸುವ, ಲೈಂಗಿಕವಾಗಿ ಹಿಂಸಿಸುವ ಆಯ್ಕೆಯುಳ್ಳ ಕೆಲವು ಬಗೆಯ ಆಟಗಳನ್ನು 18ರ ಕೆಳಗಿನವರಿಗೆ ಮಾರುವುದನ್ನೂ ಬಾಡಿಗೆಗೆ ಕೊಡುವುದನ್ನೂ ನಿಷೇಧಿಸಿತು. ತಪ್ಪಿದರೆ 1000 ಡಾಲರ್‌ವರೆಗೆ ದಂಡ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 18 ಎಂದು ಬರೆದಿರಬೇಕಿತ್ತು. ಮಸೂದೆಯನ್ನು ತಂದವರು ಮಕ್ಕಳ ಮನಶ್ಶಾಸ್ತ್ರಜ್ಞರೂ ಆಗಿದ್ದ ಲೀಲ್ಯಾಂಡ್ ಯೀ. ಸಹಿ ಹಾಕಿದ ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್. 'ಟರ್ಮಿನೇಟರ್' ಚಿತ್ರದಲ್ಲಿ ಗುಂಡಿನ ಮಳೆಗರೆದು ಹೆಸರಾದವರು ಅವರೇ ಎಂಬುದನ್ನು ಅಲ್ಲಿನ ಪತ್ರಿಕೆಗಳು ನೆನಪಿಸದೆ ಬಿಡಲಿಲ್ಲ.

ಈ ಕಾನೂನು ಒಂದು ದಿನವೂ ಜಾರಿಯಾಗಲಿಲ್ಲ. ಉದ್ಯಮದವರು ಕೋರ್ಟಿಗೆ ಹೋದರು, ಕೆಳಗಿನ ಕೋರ್ಟುಗಳು ತಡೆ ನೀಡಿದವು. ಕೊನೆಗೆ 2011ರ ಜೂನ್ 27ರಂದು ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಅದನ್ನು ರದ್ದುಪಡಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಪುಸ್ತಕ, ನಾಟಕ, ಸಿನಿಮಾಗಳಂತೆ ಆಟವೂ ಅಭಿವ್ಯಕ್ತಿಯೇ; ಅಶ್ಲೀಲ ಸಾಹಿತ್ಯವನ್ನು ಮಕ್ಕಳಿಂದ ದೂರವಿಡಲು ಕಾನೂನು ಒಪ್ಪಿದೆ, ಹಿಂಸೆಯ ಚಿತ್ರಣಕ್ಕೆ ಅಂಥ ವಿನಾಯಿತಿ ಎಂದೂ ಇರಲಿಲ್ಲ ಎಂದರು ಅವರು. ಮಕ್ಕಳಿಗೆ ಹೇಳುವ ಗ್ರಿಮ್ ಸೋದರರ ಕಥೆಗಳಲ್ಲೇ ದುಷ್ಟ ರಾಣಿ ಕಾದ ಕೆಂಪು ಚಪ್ಪಲಿ ತೊಟ್ಟು ಕುಣಿಯುತ್ತಾ ಸಾಯುತ್ತಾಳೆ, ಮಕ್ಕಳು ಮಾಟಗಾತಿಯನ್ನು ಒಲೆಯೊಳಗೆ ನೂಕುತ್ತಾರೆ ಎಂದು ಉದಾಹರಿಸಿದರು. ಕಾನೂನಿನಲ್ಲಿದ್ದ ಇನ್ನೊಂದು ಸಂದನ್ನೂ ತೋರಿಸಿದರು. ಹುಡುಗನಿಗೆ ಅಂಗಡಿಯವನು ಮಾರಬಾರದು, ಆದರೆ ಅಪ್ಪ, ಅಮ್ಮ ಮಾತ್ರವಲ್ಲ, ಮಾಮನೋ ಅತ್ತೆಯೋ ಕೊಂಡು ಕೊಟ್ಟರೆ ತಪ್ಪಿಲ್ಲ! ಅಷ್ಟು ಅಪಾಯದ ವಸ್ತುವಾದರೆ ನೆಂಟರ ಕೈಯಿಂದ ಬಂದಾಗ ಅಪಾಯ ಹೇಗೆ ತಪ್ಪುತ್ತದೆ ಎಂಬುದು ಕೋರ್ಟಿನ ಪ್ರಶ್ನೆ.

ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಬೇರೊಂದು ಪ್ರಶ್ನೆ ಎತ್ತಿದರು. ಹದಿಮೂರರ ಹುಡುಗನಿಗೆ ಬೆತ್ತಲೆ ಚಿತ್ರದ ಪತ್ರಿಕೆ ಮಾರುವುದು ಅಪರಾಧ. ಅದೇ ಹುಡುಗ ಪರದೆಯ ಮೇಲೆ ಹೆಣ್ಣೊಬ್ಬಳನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟವನ್ನು ಮಾರುವುದು ಹಕ್ಕು. ಇದೆಂಥ ತರ್ಕ? ಬಹುಮತದ ತೀರ್ಪಿನಲ್ಲಿ ಇದಕ್ಕೆ ಸಮಾಧಾನಕರ ಉತ್ತರವಿಲ್ಲವೆಂದೇ ನನಗೆ ತೋರುತ್ತದೆ.

ಆದರೆ ಆರೋಗ್ಯದ ಪುಟದಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಕೋರ್ಟು ವೈದ್ಯಕೀಯ ಸಾಕ್ಷ್ಯದ ಬಗ್ಗೆ ಹೇಳಿದ್ದನ್ನು. ಹಿಂಸೆಯ ಆಟದಿಂದ ಮಕ್ಕಳು ಹಿಂಸಾಪ್ರವೃತ್ತರಾಗುತ್ತಾರೆ ಎಂದು ಕ್ಯಾಲಿಫೋರ್ನಿಯಾ ಮಂಡಿಸಿದ ಅಧ್ಯಯನಗಳು ಎರಡರ ನಡುವೆ ಸಂಬಂಧವನ್ನು ತೋರಿಸುತ್ತವೆ, ಒಂದು ಇನ್ನೊಂದಕ್ಕೆ ಕಾರಣ ಎಂದು ತೋರಿಸುವುದಿಲ್ಲ ಎಂದಿತು ಕೋರ್ಟು. ಸಿಟ್ಟಿನ ಸ್ವಭಾವದ ಹುಡುಗನೇ ಅಂಥ ಆಟವನ್ನು ಹುಡುಕಿ ಹೋಗುತ್ತಿರಬಹುದಲ್ಲ. ನಂತರದ ವರ್ಷಗಳಲ್ಲೂ ಚಿತ್ರ ಹೆಚ್ಚು ಬದಲಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದೇನೆಂದರೆ, ಇಂಥ ಆಟಗಳಿಗೂ ಕಿರುಚಾಟ, ತಳ್ಳಾಟದಂಥ ಆಕ್ರಮಣಶೀಲತೆಗೂ ಸಣ್ಣ ಪ್ರಮಾಣದ ಸಂಬಂಧ ಕಾಣುತ್ತದೆ. ಕೊಲೆ, ಗುಂಡಿನ ದಾಳಿಯಂಥ ಕೃತ್ಯಗಳಿಗೆ ಆಟವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ಬ್ರಿಟನ್ನಿನ ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಸಂಶೋಧಕರ ಅಧ್ಯಯನಕ್ಕೆ ಆ ಸಣ್ಣ ಸಂಬಂಧವೂ ಸಿಗಲಿಲ್ಲ.

ಹಾಗೆಂದು ಆಟ ನಿರಪಾಯಕಾರಿ ಎಂದಲ್ಲ. ನಾವು ಹುಡುಕುತ್ತಿರುವ ಜಾಗದಲ್ಲಿ ಅಪಾಯ ಅಷ್ಟಾಗಿ ಇಲ್ಲ. ಅದು ಇರುವುದು ನಿದ್ದೆಯಲ್ಲಿ, ಸಮಯದಲ್ಲಿ, ಹಣದಲ್ಲಿ, ಆಟದೊಳಗೆ ಮಾತಿಗೆ ಸಿಗುವ ಅಪರಿಚಿತರಲ್ಲಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಮಝಾನಿನಲ್ಲಿ ತರಾವೀಹ್ ಮುಗಿಸಿ ಬಂದ ಹುಡುಗರು ಸಹರಿಯವರೆಗೆ ಮೊಬೈಲ್ ಹಿಡಿದು ಕೂರುವುದು ಹಲವು ಮನೆಗಳಲ್ಲಿ ಕಾಣುವ ದೃಶ್ಯ. ಆ ತಿಂಗಳ ಅಭ್ಯಾಸ ಈದ್ ಕಳೆದ ಮೇಲೂ ಬೇಗ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಅನ್ನು ಸೇರಿಸಿದೆ. ಆಡುವುದನ್ನು ಹಿಡಿತದಲ್ಲಿಡಲು ಆಗದಿರುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ತೊಂದರೆ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಸಾಮಾನ್ಯವಾಗಿ ಒಂದು ವರ್ಷ ಹೀಗೆಯೇ ಮುಂದುವರಿಯುವುದು ಅದರ ಲಕ್ಷಣ. ಆಟದಲ್ಲಿ ರಕ್ತ ಹರಿಯುತ್ತದೆಯೇ ಎಂಬುದು ಈ ಲಕ್ಷಣಗಳಲ್ಲಿ ಇಲ್ಲ. ಮಿಠಾಯಿ ಜೋಡಿಸುವ ಆಟಕ್ಕೂ ಮಗು ಅಂಟಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ನಡೆಯುತ್ತಿದೆ. ಮೇಲಿನ ಲಕ್ಷಣಗಳು ಕಂಡರೆ ಬೈದು ಮೊಬೈಲ್ ಒಡೆಯುವ ಬದಲು ಮನೋವೈದ್ಯರನ್ನು ಕಾಣುವುದು ಒಳ್ಳೆಯದು.

ಕಾನೂನಿನ ವಿಷಯಕ್ಕೆ ಮರಳೋಣ. ಎಲ್ಲ ದೇಶಗಳೂ ಅಮೆರಿಕದ ದಾರಿ ಹಿಡಿದಿಲ್ಲ. ಜರ್ಮನಿಯಲ್ಲಿ ಪೆಟ್ಟಿಗೆಯ ಮೇಲಿನ ವಯಸ್ಸಿಗಿಂತ ಚಿಕ್ಕವರಿಗೆ ಮಾರಿದರೆ 2003ರಿಂದಲೇ ದಂಡ ಬೀಳುತ್ತದೆ. ಬ್ರಿಟನ್ನಿನಲ್ಲಿ 2012ರಿಂದ 12, 16, 18ರ ಗುರುತುಗಳಿಗೆ ಕಾನೂನಿನ ಬಲವಿದೆ. ಸೌದಿ ಅರೇಬಿಯಾ 2016ರಲ್ಲಿ ತನ್ನದೇ ವಯಸ್ಸಿನ ಗುರುತನ್ನು ತಂದಿತು. ಚೀನಾ 2021ರಲ್ಲಿ 18ರ ಕೆಳಗಿನವರಿಗೆ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳ ರಾತ್ರಿ 8ರಿಂದ 9ಕ್ಕೆ ಸೀಮಿತಗೊಳಿಸಿತು. ದೊಡ್ಡವರ ಹೆಸರಿನ ಖಾತೆಯಲ್ಲಿ ಮಕ್ಕಳು ಆಡುತ್ತಾರೆಂಬ ದೂರು ಅಲ್ಲಿಯೂ ನಿಂತಿಲ್ಲ. ದಕ್ಷಿಣ ಕೊರಿಯಾ 16ರ ಕೆಳಗಿನವರಿಗೆ ನಡುರಾತ್ರಿಯಿಂದ ಬೆಳಗ್ಗೆ 6ರವರೆಗೆ ಆಟ ನಿಲ್ಲಿಸುವ ಕಾನೂನನ್ನು 2011ರಲ್ಲಿ ತಂದು ಹತ್ತು ವರ್ಷಗಳ ಬಳಿಕ ಕೈಬಿಟ್ಟಿತು.

ಅಮೆರಿಕದಲ್ಲಿ ಕಾನೂನಿಲ್ಲದೆಯೂ ಒಂದು ಬದಲಾವಣೆ ಆಯಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 13ರಿಂದ 16 ವಯಸ್ಸಿನ ಮಕ್ಕಳನ್ನು ಒಂಟಿಯಾಗಿ ಅಂಗಡಿಗೆ ಕಳುಹಿಸಿ ಪರೀಕ್ಷಿಸುತ್ತಿತ್ತು. 2000ದಲ್ಲಿ ನೂರರಲ್ಲಿ 85 ಮಕ್ಕಳಿಗೆ 'ಎಂ' ಗುರುತಿನ ಆಟ ಸಿಕ್ಕಿತ್ತು. 2011ರಲ್ಲಿ ಪ್ರಕಟವಾದ ವರದಿಯಲ್ಲಿ ಅದು 13ಕ್ಕೆ ಇಳಿದಿತ್ತು. ಅಂಗಡಿಯವರೇ ವಯಸ್ಸು ಕೇಳತೊಡಗಿದ್ದರು. ಆದರೆ ಆ ಲೆಕ್ಕ ಅಂಗಡಿಯದ್ದು. ಇಂದು ಆಟ ಬರುವುದು ನೇರ ಮೊಬೈಲಿಗೆ, ಅದೂ ಪುಕ್ಕಟೆಯಾಗಿ. ಮುಖ ನೋಡಿ ವಯಸ್ಸು ಕೇಳುವವರು ನಡುವೆ ಯಾರೂ ಇಲ್ಲ.

ನಮ್ಮಲ್ಲಿ 18 ತುಂಬದವರಿಗೆ ಬೀಡಿ, ಸಿಗರೇಟು ಮಾರುವುದು ಅಪರಾಧ. ಸಿನಿಮಾಕ್ಕೆ ಸೆನ್ಸಾರ್ ಇದೆ. ವಿಡಿಯೋ ಆಟದ ಹಿಂಸೆಗೆ ಅಂಥ ಮಾರಾಟದ ಕಾನೂನಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗ ಹಲವು ತಾಯಂದಿರು ಸಂತೋಷಪಟ್ಟರು. ಆದರೆ ಸರಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಮಾಹಿತಿಯ ಸುರಕ್ಷತೆ, ಮಕ್ಕಳ ಆರೋಗ್ಯವಲ್ಲ. ಅದೇ ಬಗೆಯ ಆಟ ಮರುವರ್ಷ ಬೇರೆ ಹೆಸರಿನಲ್ಲಿ ಬಂತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆಟಗಳನ್ನು.

ಹೀಗಾಗಿ ಅಂಗಡಿಯವನು ಮಾಡಬೇಕಿದ್ದ ಕೆಲಸ ಸದ್ಯ ತಂದೆತಾಯಿಯರ ಪಾಲಿಗೆ ಬಂದಿದೆ. ಅದಕ್ಕೆ ಐದು ನಿಮಿಷ ಸಾಕು. ಮಗು ಬಳಸುವ ಮೊಬೈಲಿನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲ್ಭಾಗದ ನಿಮ್ಮ ಚಿತ್ರವನ್ನು ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಫ್ಯಾಮಿಲಿ, ಅದರೊಳಗೆ ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ. ಅದನ್ನು ಆನ್ ಮಾಡಿದರೆ ನಾಲ್ಕಂಕಿಯ ಪಿನ್ ಕೇಳುತ್ತದೆ. ನಂತರ ವಯಸ್ಸನ್ನು ಆರಿಸಬಹುದು. 12+ ಎಂದು ಆರಿಸಿದರೆ ಅದಕ್ಕಿಂತ ಮೇಲಿನ ಆಟಗಳನ್ನು ಇಳಿಸಿಕೊಳ್ಳಲು ಆಗುವುದಿಲ್ಲ. ಮನೆಯ ಯಾರ ಹುಟ್ಟಿದ ವರ್ಷವನ್ನೂ ಪಿನ್ ಆಗಿ ಇಡಬೇಡಿ, ಮಕ್ಕಳು ಮೊದಲು ಒತ್ತಿ ನೋಡುವುದು ಅದನ್ನೇ. ಅಲ್ಲಿಯೇ ಹಣ ಪಾವತಿಗೂ ಪ್ರತಿ ಸಲ ಪಾಸ್‌ವರ್ಡ್ ಕೇಳುವಂತೆ ಮಾಡಿ. ಗಂಟೆಯ ಮಿತಿ ಬೇಕೆಂದರೆ 'ಫ್ಯಾಮಿಲಿ ಲಿಂಕ್' ಎಂಬ ಉಚಿತ ಆ್ಯಪ್ ಇದೆ. ಮಗುವಿನ ನಿಜವಾದ ಜನ್ಮದಿನಾಂಕ ಕೊಟ್ಟು ಬೇರೆ ಖಾತೆ ತೆರೆಯಬೇಕು, ಅಷ್ಟೇ. ನಮ್ಮದೇ ಖಾತೆ ಹಾಕಿದ ಮೊಬೈಲನ್ನು ಮಗುವಿಗೆ ಕೊಟ್ಟರೆ ಆಟದ ಕಂಪೆನಿಯ ಲೆಕ್ಕದಲ್ಲಿ ಆಡುತ್ತಿರುವುದು ನಲವತ್ತು ವರ್ಷದವರು.

ಈ ಬೀಗದಿಂದ ನಿಲ್ಲದ್ದೂ ಇದೆ. ಈಗಾಗಲೇ ಇಳಿಸಿಕೊಂಡ ಆಟ ಹಾಗೆಯೇ ಉಳಿಯುತ್ತದೆ. ಗೆಳೆಯನ ಮೊಬೈಲಿನಿಂದ ಕಳುಹಿಸಿಕೊಂಡ ಫೈಲಿಗೆ ವಯಸ್ಸಿನ ಗುರುತೇ ಇರುವುದಿಲ್ಲ. ಇನ್ನು ರಜೆಗೆ ಊರಿಗೆ ಬರುವಾಗ ಗಲ್ಫಿನಿಂದ ಪ್ಲೇಸ್ಟೇಷನ್ ತರುವ ಮಾಮನೋ ಚಾಚಾನೋ ಇದ್ದರೆ, ಡಿಸ್ಕ್ ಕೊಳ್ಳುವ ಮೊದಲು ಪೆಟ್ಟಿಗೆಯ ಕೆಳಮೂಲೆಯಲ್ಲಿರುವ ಸಂಖ್ಯೆಯ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲು ಈಗಲೇ ಹೇಳಿಡಿ.