ಹದಿನಾರು ಹಾಡಿಗೆ ಹದಿನಾರು ಹೆಸರು

ಆನವಟ್ಟಿಯು ಎರಡು ಸೀಮೆಗಳ ನಡುವಿನ ಊರು. ಒಂದು ದಿಕ್ಕಿಗೆ ಹೊರಟರೆ ಶಿರಾಳಕೊಪ್ಪದ ಆಸುಪಾಸಿನಲ್ಲಿ ಅಕ್ಕಮಹಾದೇವಿಯ ಉಡುತಡಿ ಸಿಗುತ್ತದೆ. ಇನ್ನೊಂದು ದಿಕ್ಕಿಗೆ ಹೊರಟರೆ ಹಾನಗಲ್ಲು. ಅಲ್ಲಿಂದಾಚೆಗೆ ಲಾವಣಿ, ಗೀಗೀ ಪದಗಳ ನಾಡು. ಹರದೇಶಿ ಮೇಳ, ನಾಗೇಶಿ ಮೇಳಗಳು ಎದುರುಬದುರಾಗಿ ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯೆಲ್ಲ ಹಾಡಿನಲ್ಲಿಯೇ ವಾದ ಹೂಡುವುದನ್ನು ಒಮ್ಮೆ ಕೇಳಿದವರಿಗೆ ಅಮೆರಿಕದ ‘ರ‍್ಯಾಪ್’ ಎಂದರೇನೆಂದು ಬಹಳ ವಿವರಿಸಬೇಕಾಗಿಲ್ಲ. ಅಲ್ಲಿಯೂ ತಾಳವೊಂದು ಬಿಡದೆ ನಡೆಯುತ್ತದೆ. ಅದರ ಮೇಲೆ ಮಾತು ಓಡುತ್ತದೆ. ಎದುರಾಳಿಯನ್ನು ಪ್ರಾಸದಿಂದ ಕಟ್ಟಿಹಾಕುವವನೇ ಜಾಣ.

1973ರ ಸುಮಾರಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯ ಕಪ್ಪು ತರುಣರ ನಡುವೆ ಹುಟ್ಟಿದ ಈ ಹಾಡುಗಾರಿಕೆ, ‘ಹಿಪ್-ಹಾಪ್’ ಎಂಬ ಹೆಸರಿನಿಂದ ಇಂದು ಜಗತ್ತನ್ನೆಲ್ಲ ವ್ಯಾಪಿಸಿದೆ. ಮಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳುತ್ತಿದ್ದರೆ ತಂದೆಯ ಹುಬ್ಬು ಗಂಟಾಗುವುದೂ ಉಂಟು. ಆ ಗಂಟು ತೀರ ಅಕಾರಣವೆನ್ನುವಂತಿಲ್ಲ. ಹೆಣ್ಣನ್ನು ಹಗುರವಾಗಿ ಆಡಿಕೊಳ್ಳುವ ಚಾಳಿ ಈ ಹಾಡುಗಳಿಗೆ ಬಹುಕಾಲದಿಂದ ಅಂಟಿಬಂದಿದೆ. ಅದಕ್ಕೆ ನಾಗೇಶಿಯ ಪಕ್ಷದಿಂದ ಬಂದ ಉತ್ತರಗಳಲ್ಲಿ ಬಹು ಗಂಭೀರವಾದುದೊಂದು, 2019ರ ಆಗಸ್ಟ್ 23ರಂದು ಹೊರಬಂದ ‘ಈವ್’ ಎಂಬ ಧ್ವನಿಮುದ್ರಿಕೆ.

ಇದನ್ನು ಕಟ್ಟಿ ಹಾಡಿದಾಕೆ ರ‍್ಯಾಪ್ಸಡಿ. ಮನೆಯವರಿಟ್ಟ ಹೆಸರು ಮರ್ಲಾನಾ ಎವನ್ಸ್; ಹುಟ್ಟೂರು ನಾರ್ತ್ ಕೆರೊಲೈನಾ ಸಂಸ್ಥಾನದ ಸ್ನೋ ಹಿಲ್ ಎಂಬ ಪುಟ್ಟ ಊರು. 2017ರ ತನ್ನ ಹಿಂದಿನ ಮುದ್ರಿಕೆಗೆ ಅಜ್ಜಿ ಲೈಲಾಳ ಹೆಸರನ್ನಿಟ್ಟಿದ್ದ ಈಕೆ, ‘ಈವ್’ನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹದಿನಾರು ಹಾಡುಗಳಿಗೂ ಒಬ್ಬೊಬ್ಬ ಕಪ್ಪು ಮಹಿಳೆಯ ಹೆಸರನ್ನೇ ಶೀರ್ಷಿಕೆಯಾಗಿ ಕೊಟ್ಟಳು. ಪ್ರಾಚೀನ ಈಜಿಪ್ಟನ್ನು ಆಳಿದ ಹತ್‌ಶೆಪ್ಸುತ್ ರಾಣಿಯಿದ್ದಾಳೆ. ಟೆನಿಸ್ ಆಟಗಾರ್ತಿ ಸೆರೀನಾ ಇದ್ದಾಳೆ. 2016ರ ಒಲಿಂಪಿಕ್ಸ್‌ನಲ್ಲಿ ತಲೆಗೆ ಹಿಜಾಬ್ ಧರಿಸಿಯೇ ಅಮೆರಿಕದ ಪರವಾಗಿ ಕತ್ತಿವರಸೆಗೆ ಇಳಿದ ಇಬ್ತಿಹಾಜ್ ಇದ್ದಾಳೆ. ಚಲನಚಿತ್ರವೊಂದರ ಪಾತ್ರವಾದ ಕ್ಲಿಯೊ ಕೂಡ ಇದ್ದಾಳೆ.

ಮೊದಲ ಹಾಡು ‘ನೀನಾ’. ಗುಂಪು ಸೇರಿ ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಕ್ರೌರ್ಯವನ್ನು ಕುರಿತ ‘ಸ್ಟ್ರೇಂಜ್ ಫ್ರೂಟ್’ ಎಂಬ ಪ್ರಸಿದ್ಧ ಗೀತೆಯನ್ನು ಗಾಯಕಿ ನೀನಾ ಸಿಮೋನ್ 1965ರಲ್ಲಿ ಹಾಡಿದ್ದಳು. ಆ ಹಳೆಯ ಕಂಠವನ್ನೇ ಹಿನ್ನೆಲೆಗಿಟ್ಟು ರ‍್ಯಾಪ್ಸಡಿ ಮಾತು ಆರಂಭಿಸುತ್ತಾಳೆ. ‘ಮರ್ಲಿ’ ಎಂಬುದು, 1963ರಲ್ಲಿ ಮನೆಯೆದುರೇ ಗುಂಡಿಗೆ ಬಲಿಯಾದ ಮೆಡ್ಗರ್ ಎವರ್ಸ್ ಎಂಬ ಹೋರಾಟಗಾರನ ಪತ್ನಿಯ ಹೆಸರು. ಕೊಂದವನಿಗೆ ಶಿಕ್ಷೆಯಾದುದು 1994ರಲ್ಲಿ! ಮೂವತ್ತೊಂದು ವರ್ಷ ಆಕೆ ಬೆನ್ನು ಬಿಡಲಿಲ್ಲ. ಕೊನೆಯ ಹಾಡು ‘ಅಫೇನಿ’. ರ‍್ಯಾಪ್ ಲೋಕದ ದಂತಕಥೆಯಾದ ಟುಪಾಕ್‌ನ ತಾಯಿ ಈಕೆ. ಸಂಚಿನ ಮೊಕದ್ದಮೆಯೊಂದರಲ್ಲಿ ತುಂಬು ಬಸುರಿಯಾಗಿದ್ದಾಗಲೇ ವಕೀಲರಿಲ್ಲದೆ ತನ್ನ ಪರವಾಗಿ ತಾನೇ ವಾದಿಸಿ, 1971ರ ಮೇ ತಿಂಗಳಲ್ಲಿ ಬಿಡುಗಡೆ ಪಡೆದಳು. ಮರುತಿಂಗಳು ಮಗ ಹುಟ್ಟಿದ. ಮಗನನ್ನು ಹಾಡಿ ಹೊಗಳಿದವರು ಸಾವಿರಾರು ಮಂದಿ. ತಾಯಿಯ ಹೆಸರಿನಲ್ಲಿ ಮುದ್ರಿಕೆಯನ್ನು ಮುಗಿಸಬೇಕೆಂದು ತೋಚಿದ್ದು ಹೆಣ್ಣುಮಗಳೊಬ್ಬಳಿಗೆ.

ವಿಮರ್ಶಕರು ‘ಈವ್’ ಅನ್ನು ಕೈಬಿಚ್ಚಿ ಹೊಗಳಿದರು. ಪದಗಳ ಬಿಗಿ, ಹಳೆಯ ಮುದ್ರಿಕೆಗಳ ತುಣುಕುಗಳಿಂದ ಹೊಸ ನಾದ ಹೆಣೆಯುವ ಸಂಗೀತ ಸಂಯೋಜಕ ‘ನೈಂತ್ ವಂಡರ್’ನ ಕೈಚಳಕ, ಎಲ್ಲಕ್ಕಿಂತ ಮಿಗಿಲಾಗಿ ಆ ಕಲ್ಪನೆಯ ಘನತೆ ಇವೆಲ್ಲ ಮೆಚ್ಚುಗೆಗೆ ಪಾತ್ರವಾದುವು. ಕೊರತೆಯೇ ಇಲ್ಲವೆಂದಲ್ಲ. ಕೆಲವೆಡೆ ಶೀರ್ಷಿಕೆಯ ಮಹಿಳೆ ಹೊಸಿಲಲ್ಲೇ ನಿಲ್ಲುತ್ತಾಳೆ, ಒಳಗಿನ ಮಾತೆಲ್ಲ ಹಾಡುವವಳದೇ ಆಗುತ್ತದೆ. ಅತಿಥಿ ಗಾಯಕರ ಸಂದಣಿಯೂ ತುಸು ಹೆಚ್ಚೇ.

ಆದರೆ ಪ್ರಶಂಸೆ ಬೇರೆ, ಮನ್ನಣೆ ಬೇರೆ. ಅಮೆರಿಕದ ಸಂಗೀತ ಲೋಕದ ಅತಿ ದೊಡ್ಡ ಗೌರವವಾದ ಗ್ರ್ಯಾಮಿಗೆ ಅಜ್ಜಿಯ ಹೆಸರಿನ ಮುದ್ರಿಕೆ ಸೂಚಿತವಾಗಿತ್ತು. 2020ರ ಗ್ರ್ಯಾಮಿಯಲ್ಲಿ ಉತ್ತಮ ರ‍್ಯಾಪ್ ಮುದ್ರಿಕೆಯ ಪಟ್ಟಿಯ ಐದು ಹೆಸರುಗಳಲ್ಲಿ ‘ಈವ್’ ಇರಲಿಲ್ಲ. ‘ಈವ್’ ಹಾಗಿರಲಿ, ಹೆಣ್ಣುಮಗಳೊಬ್ಬಳ ಹೆಸರಿನಲ್ಲಿ ಹೊರಬಂದ ಒಂದು ಮುದ್ರಿಕೆಯೂ ಆ ಪಟ್ಟಿಯಲ್ಲಿರಲಿಲ್ಲ! ಹಿಂದಿನ ವರ್ಷವಷ್ಟೇ ಕಾರ್ಡಿ ಬಿ ಎಂಬಾಕೆ ಆ ಪ್ರಶಸ್ತಿಯನ್ನು ಒಂಟಿಯಾಗಿ ಗೆದ್ದ ಮೊದಲ ಮಹಿಳೆ ಎನಿಸಿದ್ದಳು. ಬಾಗಿಲು ತೆರೆಯಿತೆಂದು ಹಿಗ್ಗಿದವರಿಗೆ, ಅದು ಒಬ್ಬರಿಗಾಗಿ ಮಾತ್ರ ತೆರೆದಿತ್ತೆಂದು ತಿಳಿಯಲು ಹನ್ನೆರಡು ತಿಂಗಳೂ ಬೇಕಾಗಲಿಲ್ಲ. ರ‍್ಯಾಪ್ಸಡಿಗೆ ಗ್ರ್ಯಾಮಿ ಕೈಗೂಡಿದ್ದು 2025ರಲ್ಲಿ, ಗಾಯಕಿ ಎರಿಕಾ ಬಾಡು ಜೊತೆಗೂಡಿ ಹಾಡಿದ ಬೇರೊಂದು ಹಾಡಿಗಾಗಿ.

‘ಹೆಂಗಸರ ಪೈಕಿ ಉತ್ತಮಳು’ ಎಂಬ ಹೊಗಳಿಕೆಯಲ್ಲಿ ಒಂದು ಸಣ್ಣ ಮುಳ್ಳು ಅಡಗಿರುತ್ತದೆ. ತ್ರಿವೇಣಿ, ಎಂ. ಕೆ. ಇಂದಿರಾ ಅವರ ಕಾದಂಬರಿಗಳನ್ನು ಮನೆಮಂದಿಯೆಲ್ಲ ಕಿತ್ತಾಡಿಕೊಂಡು ಓದುತ್ತಿದ್ದರೂ, ಮಹಿಳೆಯರ ಬರಹವನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಪಕ್ಕಕ್ಕೆ ಸರಿಸುವವರು ಕನ್ನಡದಲ್ಲಿಯೂ ಇದ್ದರಷ್ಟೆ!

ಇದೆಲ್ಲ ಸಮುದ್ರದಾಚೆಯ ಮಾತೆನ್ನುವಂತೆಯೂ ಇಲ್ಲ. ಆನವಟ್ಟಿಯಿಂದ ಹಾನಗಲ್ಲಿನ ಮೇಲೆ ಮುಂಡಗೋಡಿಗೆ, ಅಲ್ಲಿಂದ ಯಲ್ಲಾಪುರದ ಕಾಡಿಗೆ ಅರ್ಧ ದಿನದ ಪ್ರಯಾಣ. ಪೋರ್ಚುಗೀಸರೂ ಅರಬರೂ ಶತಮಾನಗಳ ಹಿಂದೆ ಗುಲಾಮರನ್ನಾಗಿ ಹಡಗಿನಲ್ಲಿ ತಂದ ಆಫ್ರಿಕದವರ ಸಂತತಿಯಾದ ಸಿದ್ದಿಗಳು ಅಲ್ಲಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮಂಚೀಕೇರಿಯ ಸಿದ್ದಿಗಳನ್ನು ಕೂಡಿಸಿಕೊಂಡು, 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಸಂಸ್ಥೆಯವರು ಆಫ್ರಿಕದ ಲೇಖಕ ಚಿನುವಾ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿಸಿದರು. ನಿರ್ದೇಶನ ಚಿದಂಬರರಾವ್ ಜಂಬೆಯವರದು. ಆ ಸಮುದಾಯದ ಗಿರಿಜಾ ಸಿದ್ದಿಯವರು ರಂಗನಟಿಯಾಗಿ, ಗಾಯಕಿಯಾಗಿ ಹೆಸರು ಪಡೆದಿದ್ದಾರೆ.

ಸಿದ್ದಿ ಹೆಂಗಸರ ಇನ್ನೊಂದು ವಿದ್ಯೆ ಕೌದಿ ಹೊಲಿಯುವುದು. ಸವೆದ ಸೀರೆ, ಅಂಗಿ, ಲಂಗಗಳ ಚೂರುಗಳನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಹೊಲಿದು ತರುತ್ತಾರೆ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಇವನ್ನು ಕಂಡು ಬೆರಗಾದರು. 2004ರಲ್ಲಿ ಈ ಹೆಂಗಸರದೇ ಒಂದು ಸಹಕಾರಿ ಕೂಟ ಏರ್ಪಟ್ಟಿತು. 2011ರಲ್ಲಿ ಕೌದಿಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡು ಕಲಾವಸ್ತುಗಳೆನಿಸಿದುವು. ಮನೆಯಲ್ಲಿ ಮಗುವಿಗೆ ಹೊದಿಸಿದ್ದು ಅಲ್ಲಿ ಗೋಡೆಯೇರಿತು. ಡಮಾಮಿಯ ಬಡಿತಕ್ಕೆ ಹೆಜ್ಜೆ ಹಾಕುತ್ತ ಅದೇ ಹೆಂಗಸರು ಹೇಳುವ ಹಾಡುಗಳಿಗೂ ಅಂಥ ಒಬ್ಬ ರಸಿಕ ವಿಮರ್ಶಕ ದೊರೆಯಬೇಕು. ಕೌದಿಯ ಮಟ್ಟಿಗೆ ವಿಮರ್ಶೆ ಅವರವರಲ್ಲಿಯೇ ಉಂಟು, ಅದೂ ಬಲು ಕಟ್ಟುನಿಟ್ಟಿನದು: ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೊಲಿದ ‘ಫುಲಾ’ ಎಂಬ ಹೂವು ಇರಲೇಬೇಕು. ಅದಿಲ್ಲದ ಕೌದಿಯನ್ನು ಅವರು ಬತ್ತಲೆ ಎನ್ನುತ್ತಾರೆ.