ಭೂಗರ್ಭದ ಪ್ರಯಾಣ: ಒಂದು ಹಳೆಯ ಚಿತ್ರವೂ ಬೀದರದ ನೆಲವೂ

ಆಕಾಶಕ್ಕೆ ಏರಬೇಕೆಂಬ ಆಸೆಯಂತೆ ನೆಲದೊಳಕ್ಕೆ ಇಳಿಯಬೇಕೆಂಬ ಆಸೆಯೂ ಮಾನವನಿಗೆ ಬಹಳ ಹಳೆಯದು. ಚಂದ್ರನನ್ನು ಮೆಟ್ಟಿ ಬಂದವರಿದ್ದಾರೆ. ಭೂಕೇಂದ್ರವನ್ನು ಕಂಡು ಬಂದವರು ಕಥೆಗಳಲ್ಲಿ ಮಾತ್ರ ಇದ್ದಾರೆ. ಅಂತಹ ಕಥೆಗಳಲ್ಲಿ ಮಿಗಿಲಾದುದು ಫ್ರೆಂಚ್ ಲೇಖಕ ಜೂಲ್ಸ್ ವೆರ್ನ್ 1864ರಲ್ಲಿ ಪ್ರಕಟಿಸಿದ ಕಾದಂಬರಿ. ಅದನ್ನು ಆಧರಿಸಿ ಹೆನ್ರಿ ಲೆವಿನ್ ನಿರ್ದೇಶಿಸಿದ ‘ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ತ್’ ಎಂಬ ಚಲಚ್ಚಿತ್ರವು 1959ರಲ್ಲಿ ತೆರೆಗೆ ಬಂದಿತು. ಅದರಲ್ಲಿರುವ ವಿಜ್ಞಾನವು ಬಹುಮಟ್ಟಿಗೆ ಹುಸಿ. ಆದರೂ ಚಿತ್ರವು ಇಂದಿಗೂ ನಮ್ಮನ್ನು ಹಿಡಿದು ಕೂರಿಸುತ್ತದೆ. ಇದು ಹೇಗೆ ಎಂಬುದನ್ನು ಬೀದರ, ಭಾಲ್ಕಿ, ಔರಾದಗಳ ವಿದ್ಯಾರ್ಥಿಗಳು ತಮ್ಮ ಕಾಲಡಿಯ ನೆಲವನ್ನೇ ಮುಂದಿಟ್ಟುಕೊಂಡು ವಿಚಾರಿಸಬಹುದು.

ಚಿತ್ರದ ನಾಯಕ ಎಡಿನ್‌ಬರೋ ನಗರದ ಪ್ರಾಧ್ಯಾಪಕ ಲಿಂಡೆನ್‌ಬ್ರೂಕ್; ಪಾತ್ರಧಾರಿ ಜೇಮ್ಸ್ ಮೇಸನ್. ಶಿಷ್ಯನೊಬ್ಬನು ಆತನಿಗೆ ಒಂದು ಲಾವಾ ಕಲ್ಲನ್ನು ಕಾಣಿಕೆಯಾಗಿ ಕೊಡುತ್ತಾನೆ. ಕೈಯಲ್ಲಿ ಹಿಡಿದೊಡನೆ ಪ್ರಾಧ್ಯಾಪಕನಿಗೆ ಸಂಶಯ ಹುಟ್ಟುತ್ತದೆ: ಗಾತ್ರಕ್ಕೆ ತಕ್ಕುದಕ್ಕಿಂತ ಕಲ್ಲಿನ ತೂಕ ಹೆಚ್ಚು! ಒಳಗೆ ಹಿಂದಿನ ಸಾಹಸಿಯೊಬ್ಬನ ತೂಗುಗುಂಡು ಅಡಗಿದೆ. ಅಲ್ಲಿಂದ ಐಸ್‌ಲೆಂಡಿನ ಜ್ವಾಲಾಮುಖಿಯ ಬಾಯಿಗೆ, ಅಲ್ಲಿಂದ ಕೆಳಕ್ಕೆ, ಗೋಡೆಯ ಮೇಲೆ ಹಿಂದಿನವನು ಕೆತ್ತಿದ ಮೂರು ಗೀಟುಗಳ ಗುರುತನ್ನು ಅನುಸರಿಸುತ್ತ ಪಯಣ. ಹರಳುಗಳ ಗುಹೆ, ದೈತ್ಯ ಅಣಬೆಗಳು, ನೆಲದಡಿಯ ಕಡಲು ಎಲ್ಲವೂ ಒಂದಾದ ಮೇಲೊಂದು ಬರುತ್ತವೆ. ಗುಹೆಯ ದೃಶ್ಯಗಳಲ್ಲಿ ಕೆಲವನ್ನು ಅಮೆರಿಕದ ಕಾರ್ಲ್ಸ್‌ಬಾಡ್ ಗುಹೆಗಳಲ್ಲಿಯೇ ಚಿತ್ರೀಕರಿಸಿದರು. ಜೊತೆಗೆ ಗರ್ಟ್ರೂಡ್ ಎಂಬ ಬಾತುಕೋಳಿಯೂ ಇದೆ. ಅದರ ದುರಂತಕ್ಕೆ ಮರುಗಿದಷ್ಟು ನಾವು ಚಿತ್ರದ ಖಳನ ಸಾವಿಗೆ ಮರುಗಲಾರೆವು.

ಕಲ್ಲನ್ನು ತೂಗಿ ನೋಡುವ ಆ ಮೊದಲ ಹೆಜ್ಜೆ ಅಪ್ಪಟ ವಿಜ್ಞಾನ. ಸೋಜಿಗವೆಂದರೆ ಆ ಹೆಜ್ಜೆಯೇ ಮುಂದಿನ ಕಥೆಯನ್ನೆಲ್ಲ ಅಲ್ಲಗಳೆಯುತ್ತದೆ. 1798ರಲ್ಲಿ ಕ್ಯಾವೆಂಡಿಷ್ ಎಂಬಾತನು ಮಾಡಿದ ಪ್ರಯೋಗದಿಂದ, ಇಡೀ ಭೂಮಿಯು ಅಷ್ಟೇ ಗಾತ್ರದ ನೀರಿಗಿಂತ ಸುಮಾರು ಐದೂವರೆ ಪಾಲು ಭಾರವೆಂದು ತಿಳಿಯಿತು. ಮೇಲ್ಪದರದ ಗ್ರಾನೈಟ್ ಶಿಲೆಯಾದರೋ 2.7 ಪಾಲು ಮಾತ್ರ. ಭಾಲ್ಕಿ, ಔರಾದಗಳ ಎರೆಮಣ್ಣಿನಡಿಯ ಕಪ್ಪು ಬಸಾಲ್ಟ್ ಅದಕ್ಕಿಂತ ತುಸು ಹೆಚ್ಚು. ಹಾಗಾದರೆ ಆಳದಲ್ಲಿ ಇನ್ನೂ ಭಾರವಾದ ವಸ್ತು ಇರಲೇಬೇಕು. ಕಡಲು ತುಂಬುವಷ್ಟು ಪೊಳ್ಳಿಗೆ ಅಲ್ಲಿ ಎಡೆಯೆಲ್ಲಿ?

ತಾಪದ ಮಾತೂ ಹಾಗೆಯೇ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿ ಸುಮಾರು 3.2 ಕಿಲೊಮೀಟರ್ ಆಳಕ್ಕೆ ಇಳಿದಿತ್ತು. ಅಲ್ಲಿಯ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ರಷ್ಯದ ಕೋಲಾ ಎಂಬಲ್ಲಿ ಕೊರೆದ ರಂಧ್ರವು 1989ರಲ್ಲಿ 12,262 ಮೀಟರ್ ಮುಟ್ಟಿತು. ತಳದಲ್ಲಿ ಸುಮಾರು 180 ಡಿಗ್ರಿ. ಭೂಮಿಯ ತ್ರಿಜ್ಯವಾದ 6,371 ಕಿಲೊಮೀಟರಿನಲ್ಲಿ ಅದು ಐನೂರರಲ್ಲಿ ಒಂದು ಪಾಲೂ ಅಲ್ಲ.

ಇಷ್ಟಾದರೂ ಚಿತ್ರದ ಸೆಳೆತ ಕುಂದದು; ಏಕೆಂದರೆ ಅದರ ನಿಜವಾದ ವಸ್ತು ಇಳಿಯುವ ಕ್ರಿಯೆ. ಕೈದೀಪದ ಬೆಳಕು ಮುಟ್ಟಿದಷ್ಟೇ ಲೋಕ, ಮುಂದಿನದು ಕತ್ತಲು. ಬೀದರದವರಿಗೆ ಇದು ಹೊಸತಲ್ಲ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ, ಬಾವಲಿಗಳ ಕೆಳಗೆ ನಡೆದವರೆಲ್ಲ ಈ ಅನುಭವವನ್ನು ಬಲ್ಲರು. ನೌಬಾದದ ಸುರಂಗ ಬಾವಿ, ಅಂದರೆ ಬಹಮನಿಯರ ಕಾಲದ ಕರೇಜ್, ಇನ್ನೊಂದು ಉದಾಹರಣೆ. ಬೀದರ ನಗರವು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ರಂಧ್ರಮಯವಾದ ಆ ಕೆಂಪು ಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಕೆಳಗೆ ನೀರು ಬಿಡದ ಜೇಡಿಯೂ ಬಸಾಲ್ಟೂ ಅದನ್ನು ತಡೆಯುತ್ತವೆ. ಆ ಸಂಧಿಯಲ್ಲಿ ಕೂಡಿದ ನೀರನ್ನು ಸುಮಾರು 3 ಕಿಲೊಮೀಟರ್ ಉದ್ದದ ಸುರಂಗದಲ್ಲಿ, ಅಲ್ಪ ಇಳಿಜಾರಿನಲ್ಲಿ, ಯಾವ ಯಂತ್ರವೂ ಇಲ್ಲದೆ ಹರಿಸಿದರು. ಮೇಲಿನಿಂದ ಸಾಲಾಗಿ ತೋಡಿದ ಬಾವಿಗಳು ಗಾಳಿಗೂ ಮಣ್ಣು ಎತ್ತುವುದಕ್ಕೂ ಒದಗಿದವು. ಲಿಂಡೆನ್‌ಬ್ರೂಕನ ತಂಡಕ್ಕಿಂತ ಈ ಹೆಸರಿಲ್ಲದ ಕೆಲಸಗಾರರೇ ನಮಗೆ ದೊಡ್ಡ ಸಾಹಸಿಗಳೆಂದು ತೋರುತ್ತದೆ.

ಆದರೆ ಈ ಭಾಗದ ಜನರಿಗೆ ಭೂಗರ್ಭವು ಬರಿಯ ವಿನೋದದ ವಿಷಯವಲ್ಲ. 1993ರ ಸೆಪ್ಟೆಂಬರ್ 30ರಂದು, ಬೆಳಗಿನ ಜಾವ ನಾಲ್ಕು ಗಂಟೆಗೆ ತುಸು ಮುಂಚೆ, ಭಾಲ್ಕಿಯಿಂದ ಪಶ್ಚಿಮಕ್ಕೆ ಸುಮಾರು 65 ಕಿಲೊಮೀಟರ್ ದೂರದ ಕಿಲ್ಲಾರಿಯಲ್ಲಿ ನೆಲ ನಡುಗಿತು. ಪ್ರಮಾಣ ಸುಮಾರು 6.2. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆ ಉರುಳಿ 8ರಿಂದ 10 ಸಾವಿರ ಜನ ಮಡಿದರು. ಕಂಪನದ ಮೂಲವು ಆಳದಲ್ಲಿರದೆ ಮೇಲ್ಭಾಗಕ್ಕೆ ಹತ್ತಿರವಾಗಿದ್ದುದು ಹಾನಿಯನ್ನು ಹೆಚ್ಚಿಸಿತು.

ಭೂಮಿಯ ಒಳಗನ್ನು ನಮಗೆ ತೋರಿಸಿಕೊಟ್ಟುದೂ ಈ ಕಂಪನಗಳೇ. ಮೊದಲ ಅಲೆಯು ಶಿಲೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೊಮೀಟರ್, ಎರಡನೆಯದು ಸುಮಾರು ಮೂರೂವರೆ ಕಿಲೊಮೀಟರ್ ಸಾಗುತ್ತವೆ. ಕಿಲ್ಲಾರಿಯಿಂದ ಭಾಲ್ಕಿಗೆ ಮೊದಲನೆಯದು 11 ಸೆಕೆಂಡಿನಲ್ಲಿ, ಎರಡನೆಯದು ಸುಮಾರು 19 ಸೆಕೆಂಡಿನಲ್ಲಿ ಮುಟ್ಟುವ ಲೆಕ್ಕ. ನಡುವಿನ ಅಂತರದಿಂದಲೇ ದೂರವನ್ನು ಅಳೆಯಬಹುದು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಓಲ್ಡಮ್ ಎಂಬವರು 1897ರ ಅಸ್ಸಾಮ್ ಭೂಕಂಪದ ದಾಖಲೆಗಳಲ್ಲಿ ಈ ಅಲೆಗಳನ್ನು ಬಿಡಿಸಿ ಗುರುತಿಸಿದರು. 1906ರಲ್ಲಿ, ದೂರದ ಅಲೆಗಳು ತಡವಾಗಿ ಬರುವುದನ್ನು ಕಂಡು, ಭೂಮಿಗೆ ಬೇರೆಯೇ ಆದ ತಿರುಳೊಂದಿದೆ ಎಂದು ಸಾಧಿಸಿದರು. ಎರಡನೆಯ ಅಲೆಯು ದ್ರವದಲ್ಲಿ ಸಾಗಲಾರದು. 2,900 ಕಿಲೊಮೀಟರ್ ಆಳದ ಕೆಳಗೆ ಅದು ಕಾಣೆಯಾಗುವುದರಿಂದ ಹೊರತಿರುಳು ದ್ರವವೆಂದು ಅರಿತೆವು. ಅದರೊಳಗೊಂದು ಒಳತಿರುಳಿದೆ ಎಂದು 1936ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ. ಇವರಾರೂ ಕೆಳಗಿಳಿಯಲಿಲ್ಲ.

ಭೂಕಂಪದ ತರುವಾಯ ಕಿಲ್ಲಾರಿಯಲ್ಲಿ 617 ಮೀಟರ್ ಆಳದ ರಂಧ್ರವನ್ನು ಕೊರೆದರು. 338 ಮೀಟರಿನವರೆಗೆ ಪದರ ಪದರವಾದ ಬಸಾಲ್ಟ್. ಅದರ ಕೆಳಗೆ 8 ಮೀಟರ್ ದಪ್ಪದ ಜಲಜ ಶಿಲೆ. ಮುಂದೆ ಗ್ರಾನೈಟ್ ಜಾತಿಯ ಪುರಾತನ ಬಂಡೆ. ಆ 8 ಮೀಟರಿನ ಪದರವು, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಮುಚ್ಚುವುದಕ್ಕೆ ಮುಂಚೆ, ಬಿಸಿಲು ಕಂಡ ನೆಲದ ಮೇಲೆ ಸಂಚಯಿಸಿದ್ದು. ಲಾವಾದ ಅಡಿಯ ಇಂತಹ ಪದರಗಳಲ್ಲಿಯೇ ಜಬಲ್ಪುರದ ಬಳಿ ಡೈನೋಸಾರ್‌ಗಳ ಎಲುಬುಗಳು ದೊರೆತಿವೆ. ಚಿತ್ರದ ಭೂಗರ್ಭದಲ್ಲಿ ಅಬ್ಬರಿಸುವ ದೈತ್ಯ ಪ್ರಾಣಿಗಳಾದರೋ, ಬೆನ್ನಿಗೆ ರೆಕ್ಕೆಯಂತಹ ಪಟವನ್ನು ಅಂಟಿಸಿದ ಬರಿಯ ಇಗ್ವಾನಾ ಹಲ್ಲಿಗಳು.