ಮಿಶ್ರತಳಿ ಹಸುವಿಗೆ ಉಣ್ಣೆ ಜ್ವರ: ಮೈಗೆ ಮದ್ದು ಹಾಕಿದರೆ ಸಾಲದು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತ ಹೊಲಗಳು ನಿವೇಶನಗಳಾಗಿವೆ. ಆದರೂ ವರ್ತೂರು, ಸರ್ಜಾಪುರ, ಆನೇಕಲ್ ಕಡೆ ಎರಡು ಮೂರು ಮಿಶ್ರತಳಿ ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನೆಗಳು ಇನ್ನೂ ಇವೆ. ಇಂತಹ ಮನೆಯಲ್ಲಿ ಒಂದು ಹಸು ಉಣ್ಣೆ ಜ್ವರದಿಂದ ಸತ್ತರೆ ಸಂಸಾರದ ಲೆಕ್ಕವೇ ತಪ್ಪುತ್ತದೆ.

ರೈತ ಬಾಂಧವರೇ, ದನಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಉಣ್ಣೆಗಳನ್ನು ನೀವು ಗುರುತಿಸಬೇಕು.

ಮೊದಲನೆಯದು ರಿಪಿಸೆಫಾಲಸ್ ಮೈಕ್ರೋಪ್ಲಸ್. ಏಷ್ಯಾ ಮೂಲದ ಈ ಉಣ್ಣೆ ದನಗಳೊಂದಿಗೆ ದಕ್ಷಿಣ ಅಮೆರಿಕವನ್ನೂ ಸೇರಿ, ಇಂದು ಬ್ರೆಜಿಲ್‌ನ ಗೋಪಾಲಕರಿಗೆ ದೊಡ್ಡ ಪೀಡೆಯಾಗಿದೆ. ಅಲ್ಲಿ ನಮ್ಮ ಓಂಗೋಲ್ ಮೂಲದ ನೆಲ್ಲೂರು ದನಗಳು ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ವಿದೇಶಿ ರಕ್ತದ ದನಗಳು ತಾಳಲಾರವು. ಈ ಉಣ್ಣೆ ಸುಮಾರು ಮೂರು ವಾರ ಒಂದೇ ಹಸುವಿನ ಮೇಲಿದ್ದು, ನೆಲಕ್ಕೆ ಉದುರಿ 2000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಕೆಂಪು ಮೂತ್ರದ ಬೆಬೇಸಿಯಾ ರೋಗ ಹರಡುವುದು ಇದರಿಂದ.

ಎರಡನೆಯದು ಹಯಲೋಮ. ಇದರ ಕಾಲು ಉದ್ದ, ಮೇಲೆ ಪಟ್ಟೆಗಳಿರುತ್ತವೆ. ರಕ್ತ ಹೀರಿದ ಮರಿ ಉದುರಿ ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ ಅಡಗಿ, ಬೆಳೆದು, ಮತ್ತೆ ಹಸುವನ್ನು ಹತ್ತುತ್ತದೆ. ಮಿಶ್ರತಳಿಗೆ ಮಾರಕವಾದ ಥೈಲೇರಿಯಾ ಜ್ವರ ಇದರಿಂದಲೇ ಬರುತ್ತದೆ. ಹಸುವಿನ ಮೈಗೆ ಮಾತ್ರ ಮದ್ದು ಹಾಕಿದರೆ ಬಿರುಕಿನಲ್ಲಿರುವ ಶತ್ರು ಹಾಗೆಯೇ ಉಳಿಯುತ್ತಾನೆ.

ತೀವ್ರ ಜ್ವರ, ಹೆಗಲ ಮುಂದಿನ ಗಂಟು ಊದುವುದು, ಮೇವು ಬಿಡುವುದು, ಕಣ್ಣಿನ ಒಳಪದರ ಬಿಳಿಚಿಕೊಳ್ಳುವುದು ಥೈಲೇರಿಯಾದ ಲಕ್ಷಣಗಳು. ತಡಮಾಡದೆ ಪಶುವೈದ್ಯರಿಗೆ ರಕ್ತ ಪರೀಕ್ಷೆಗೆ ತೋರಿಸಿ. ಬುಪಾರ್ವಕ್ವೋನ್ ಚುಚ್ಚುಮದ್ದನ್ನು ಆರಂಭದಲ್ಲೇ ಕೊಟ್ಟರೆ ಹಸು ಉಳಿಯುವ ಸಾಧ್ಯತೆ ಹೆಚ್ಚು.

ನೀವು ಮಾಡಬೇಕಾದುದಿಷ್ಟು:

1. ಗೋಡೆ, ಗೊಂತುಗಳ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಸುಣ್ಣ ಬಳಿಯಿರಿ.

2. ಸಗಣಿ, ಮೇವಿನ ಕಸವನ್ನು ಕೊಟ್ಟಿಗೆಯಲ್ಲಿ ರಾಶಿ ಹಾಕಬೇಡಿ.

3. ಉಣ್ಣೆನಾಶಕವನ್ನು ವೈದ್ಯರು ಹೇಳಿದ ಪ್ರಮಾಣದಲ್ಲೇ, ಎಲ್ಲ ರಾಸುಗಳಿಗೂ ಒಟ್ಟಿಗೆ ಬಳಸಿರಿ. ಕಡಿಮೆ ಪ್ರಮಾಣದಲ್ಲಿ ಪದೇಪದೇ ಹಾಕಿದರೆ ಉಣ್ಣೆಗೆ ಮದ್ದು ನಾಟದಂತಾಗುತ್ತದೆ.

4. ಹೊಸದಾಗಿ ಕೊಂಡ ಹಸುವನ್ನು ಉಣ್ಣೆ ನೋಡಿಯೇ ಒಳಗೆ ಕಟ್ಟಿ.

5. ಉಣ್ಣೆಯನ್ನು ಬರಿಗೈಯಲ್ಲಿ ಕಿತ್ತು ಹಿಸುಕಬೇಡಿ. 2011ರಲ್ಲಿ ಗುಜರಾತಿನಲ್ಲಿ ಜನರ ಪ್ರಾಣ ತೆಗೆದ ಕ್ರಿಮಿಯನ್-ಕಾಂಗೋ ಜ್ವರ ಹರಡುವುದೂ ಹಯಲೋಮ ಉಣ್ಣೆಗಳಿಂದಲೇ.

ಸಂಜೆ ಹಾಲು ಕರೆಯುವ ಮುನ್ನ ಹಸುವಿನ ಕಿವಿ, ಕೆಚ್ಚಲು, ಬಾಲದ ಬುಡಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಗೋಡೆಯನ್ನೂ ನೋಡಿ. ಒಂದು ಚೀಲ ಸಿಮೆಂಟಿನ ಖರ್ಚು ಹಸುವಿನ ಬೆಲೆಗಿಂತ ಬಹಳ ಕಡಿಮೆ.